ಬೆರೆತ ದನಿಯನ್ನು ಬಿಡಿಸಬಹುದೆ?



ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳ ಪಾಠ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸುವುದು, ಹಿಟ್ಟಿನಲ್ಲಿ ತೌಡಿದ್ದರೆ ಜರಡಿ ಹಿಡಿಯುವುದು, ನೀರಿನಲ್ಲಿ ಉಪ್ಪು ಕರಗಿದ್ದರೆ ಕಾಯಿಸಿ ಆವಿ ಮಾಡುವುದು. ಒಂದು ವರ್ಷ ಪಾಠದ ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಎರಡು ಸದ್ದು ಬೆರೆತುಹೋದರೆ ಬೇರೆ ಮಾಡುವುದು ಹೇಗೆ?” ಎಂದು ಕೇಳಿದ. ನಾನು, “ಒಮ್ಮೆ ಬೆರೆತ ಸದ್ದನ್ನು ಬ್ರಹ್ಮನೂ ಬಿಡಿಸಲಾರ, ಕೂತುಕೋ” ಎಂದೆ. ತರಗತಿಯೆಲ್ಲ ನಕ್ಕಿತು. ಆ ಹುಡುಗ ಯಾರೆಂಬುದು ನನಗೀಗ ನೆನಪಿಲ್ಲ. ಅವನು ಇದನ್ನು ಓದುತ್ತಿದ್ದರೆ, ಅಂದಿನ ನನ್ನ ಉತ್ತರ ಇಂದು ಸುಳ್ಳಾಗಿದೆ ಎಂದು ಒಪ್ಪಿಕೊಳ್ಳುವುದು ನನ್ನ ಕರ್ತವ್ಯ. ಬ್ರಹ್ಮನ ಮಾತು ಹಾಗಿರಲಿ, ಈಗ ಗಣಕಯಂತ್ರ ಬಿಡಿಸುತ್ತದೆ.

ಇದು ನನ್ನ ಅರಿವಿಗೆ ಬಂದದ್ದು ಕಳೆದ ದೀಪಾವಳಿಯಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನಮ್ಮ ತಂದೆಯವರು 1986ರ ಮಳೆಗಾಲದಲ್ಲಿ ಜಗಲಿಯಲ್ಲಿ ಕುಳಿತು ಕುಮಾರವ್ಯಾಸ ಭಾರತವನ್ನು ವಾಚಿಸಿದ ಕ್ಯಾಸೆಟ್ಟೊಂದು ನನ್ನ ಬಳಿ ಇದೆ. ಹಂಚಿನ ಮೇಲೆ ಮಳೆ ಸುರಿಯುವ ಸದ್ದು, ಗೋಡೆ ಗಡಿಯಾರದ ಸದ್ದು, ಒಳಗಿನಿಂದ ಅಮ್ಮ ಮಜ್ಜಿಗೆ ಕಡೆಯುವ ಸದ್ದು, ಇವುಗಳ ನಡುವೆ ಅಪ್ಪನ ದನಿ. ಆ ಹುಡುಗ ಅದನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಏನೋ ಮಾಡಿದ. ನಾವು ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಮಳೆ ನಿಂತಿತ್ತು. ಗಡಿಯಾರ ನಿಂತಿತ್ತು. ಅಪ್ಪ ಒಬ್ಬರೇ ಎದುರಿಗೆ ಕುಳಿತು ಓದುತ್ತಿದ್ದಂತೆ ದನಿ ಸ್ಫುಟವಾಗಿ ಕೇಳಿಸಿತು. ನನ್ನ ತಮ್ಮ ಕಣ್ಣು ಒರೆಸಿಕೊಂಡ. ಅದನ್ನು ಕೂಡಲೇ ಬಂಧುಗಳಿಗೆಲ್ಲ ಕಳುಹಿಸಿದ. ರಾತ್ರಿ ತಂಗಿ ಫೋನು ಮಾಡಿದಳು. “ಅಣ್ಣಾ, ದನಿಯೇನೋ ಅಪ್ಪಂದೇ. ಆದರೆ ಅಮ್ಮ ಎಲ್ಲಿ?” ಎಂದಳು.

ಅಮ್ಮನ ಮಾತನ್ನಾಗಲಿ ಹಾಡನ್ನಾಗಲಿ ನಾವು ಯಾರೂ ಧ್ವನಿಮುದ್ರಿಸಿಕೊಳ್ಳಲಿಲ್ಲ. ಅವಳು ಈ ಲೋಕದಲ್ಲಿ ಬಿಟ್ಟುಹೋದ ಒಂದೇ ಒಂದು ಸದ್ದು ಆ ಕಡೆಗೋಲಿನದು.

ಈಗ ಮನೆಯಲ್ಲಿ ಚರ್ಚೆ ನಡೆದಿದೆ. ಶುದ್ಧವಾದ ಪ್ರತಿ ಇರುವಾಗ ಬೂಸಲು ಹಿಡಿಯುತ್ತಿರುವ ಕ್ಯಾಸೆಟ್ಟನ್ನು ಏಕೆ ಇಟ್ಟುಕೊಳ್ಳಬೇಕು ಎಂಬುದು ತಮ್ಮನ ವಾದ. ಹಿರಿಯನಾದ ನಾನು ತೀರ್ಮಾನ ಹೇಳಬೇಕಂತೆ. ಹೇಳುತ್ತೇನೆ. ಆದರೆ ಮೇಷ್ಟರ ಅಭ್ಯಾಸ ನಿಮಗೆ ಗೊತ್ತೇ ಇದೆ. ಉತ್ತರಕ್ಕೆ ಮುನ್ನ ಒಂದು ಉದಾಹರಣೆ ಇರಲೇಬೇಕು. ಈ ಸಲದ ಉದಾಹರಣೆ ಬಹಳ ದೂರದ್ದು: 1960ರ ದಶಕದ ಲಂಡನ್ನಿನದು, ಬೀಟಲ್ಸ್ ಎಂಬ ನಾಲ್ವರು ತರುಣರ ರಾಕ್ ಸಂಗೀತದ್ದು. ಕಾರಣವಿಷ್ಟೆ. ಬೆರೆತ ದನಿಗಳನ್ನು ಬಿಡಿಸಬೇಕೆ ಬಾರದೆ ಎಂಬ ಪ್ರಶ್ನೆ ಇಂದು ಜಗತ್ತಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಎದ್ದಿರುವುದು ಅವರ ಹಾಡುಗಳ ವಿಷಯದಲ್ಲಿಯೇ. ಆ ಹಾಡುಗಳ ಸಹವಾಸ ನನಗೆ ನಲವತ್ತು ವರ್ಷಗಳಿಗೂ ಹಳೆಯದು.

1984ರಲ್ಲಿ ನಾನು ಬಿ.ಎಡ್. ಓದುತ್ತಿದ್ದಾಗ ವಿದ್ಯಾರ್ಥಿನಿಲಯದ ಕೊಠಡಿಯ ಗೆಳೆಯ ‘ರಿವಾಲ್ವರ್’ ಎಂಬ ಕ್ಯಾಸೆಟ್ಟು ತಂದಿದ್ದ. ಅದರ ಕೊನೆಯ ಹಾಡು ಆರಂಭವಾದಾಗ ನಾನು ಗಡಿಬಿಡಿಯಿಂದ ಎದ್ದು ಟೇಪ್ ರೆಕಾರ್ಡರನ್ನು ನಿಲ್ಲಿಸಿದೆ. ಯಂತ್ರ ಟೇಪನ್ನು ನುಂಗುತ್ತಿದೆ ಎಂದೇ ನನ್ನ ಭಾವನೆ. ಹಿನ್ನೆಲೆಯಲ್ಲಿ ತಂಬೂರಿ, ಒಂದೇ ಸಮನೆ ಬಡಿಯುವ ಡ್ರಮ್ಮು, ಕಡಲಹಕ್ಕಿಗಳಂತೆ ಕಿರುಚುವ ಏನೋ, ದೂರದ ಬೆಟ್ಟದಿಂದ ಬಂದಂತಹ ಮನುಷ್ಯನ ದನಿ. “ಹಾಳಾಗಿಲ್ಲ ಮಾರಾಯ, ಹಾಡೇ ಹಾಗಿದೆ” ಎಂದು ಗೆಳೆಯ ನಕ್ಕ. ಆಗ ನನಗೆ ಅನ್ನಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ: ಇದು ಸಂಗೀತವಲ್ಲ, ಮೋಸ. ಹಾಡುವವನು ಕುಳಿತು ಹಾಡಬೇಕು, ಯಂತ್ರ ಅದನ್ನು ಇದ್ದಂತೆ ಹಿಡಿದಿಡಬೇಕು. ಯಂತ್ರವೇ ಹಾಡಿಗೆ ಕೈಹಾಕಿದರೆ ಅದರಲ್ಲಿ ವಿದ್ಯೆ ಎಲ್ಲಿ ಬಂತು? ಅಷ್ಟಾದರೂ ಅದು ಹೇಗೆ ಮಾಡಿದ್ದಿರಬಹುದು ಎಂಬ ಕುತೂಹಲ ಮಾತ್ರ ನನ್ನನ್ನು ಬಿಡಲಿಲ್ಲ. ಭೌತಶಾಸ್ತ್ರ ಓದಿದವನ ಪೀಡೆ ಅದು.

ಆ ಹಾಡಿನ ಹೆಸರು ‘ಟುಮಾರೋ ನೆವರ್ ನೋಸ್’. ಲಂಡನ್ನಿನ ಆ್ಯಬಿ ರೋಡ್ ಎಂಬ ರಸ್ತೆಯಲ್ಲಿ ಅಂದು ಇ.ಎಂ.ಐ. ಸಂಸ್ಥೆಯದಾಗಿದ್ದ ಸ್ಟುಡಿಯೋ ಇದೆ. 1931ರಲ್ಲಿ ಆರಂಭವಾದದ್ದು. ಶಿಸ್ತಿಗೆ ಹೆಸರಾದ ಜಾಗ. ತಂತ್ರಜ್ಞರು ನಮ್ಮ ಪ್ರಯೋಗಾಲಯದವರಂತೆ ಬಿಳಿಯ ಕೋಟು ಧರಿಸಿ ಓಡಾಡುತ್ತಿದ್ದರು. ಇದೇ ಸ್ಟುಡಿಯೋದಲ್ಲಿ 1963ರ ಫೆಬ್ರವರಿ 11ರಂದು ಬೀಟಲ್ಸ್ ತಮ್ಮ ಮೊದಲ ಎಲ್.ಪಿ. ಗ್ರಾಮಫೋನ್ ತಟ್ಟೆಗಾಗಿ ಒಂದೇ ದಿನದಲ್ಲಿ ಹತ್ತು ಹಾಡುಗಳನ್ನು ಮುದ್ರಿಸಿದ್ದರು. ಅಂದು ಧ್ವನಿಮುದ್ರಣವೆಂದರೆ ಹೆಚ್ಚುಕಡಿಮೆ ಛಾಯಾಚಿತ್ರದಂತೆ. ಎದುರಿಗೆ ನಡೆದದ್ದನ್ನು ಹಿಡಿದಿಡುವುದು. ಮೂರೇ ವರ್ಷಗಳಲ್ಲಿ, 1966ರ ಏಪ್ರಿಲ್ 6ರಂದು, ಅದೇ ಕಟ್ಟಡದಲ್ಲಿ ಈ ಹಾಡಿನ ಕೆಲಸ ಆರಂಭವಾಯಿತು. ಅಷ್ಟರಲ್ಲಿ ಛಾಯಾಗ್ರಾಹಕ ಚಿತ್ರಕಾರನಾಗಿದ್ದ.

ಬೆಟ್ಟದ ತುದಿಯಿಂದ ದಲಾಯಿ ಲಾಮಾ ಮಂತ್ರ ಪಠಿಸಿದಂತೆ ತನ್ನ ದನಿ ಕೇಳಿಸಬೇಕು ಎಂದು ಗಾಯಕ ಜಾನ್ ಲೆನನ್ ಕೇಳಿದ. ನಮ್ಮಲ್ಲಾಗಿದ್ದರೆ ಹುಚ್ಚು ಎಂದು ಬೈದು ಕಳುಹಿಸುತ್ತಿದ್ದೆವು. ಆದರೆ ಅಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಇಪ್ಪತ್ತೇ ವರ್ಷ ವಯಸ್ಸಿನ ತಂತ್ರಜ್ಞ ಜೆಫ್ ಎಮೆರಿಕ್ ಅದನ್ನೊಂದು ಲೆಕ್ಕದಂತೆ ಬಿಡಿಸಲು ಕುಳಿತರು. ಹ್ಯಾಮಂಡ್ ಆರ್ಗನ್ ಎಂಬ ವಾದ್ಯದ ಜೊತೆ ಬಳಸುತ್ತಿದ್ದ ಲೆಸ್ಲಿ ಎಂಬ ಧ್ವನಿವರ್ಧಕವೊಂದಿತ್ತು. ಅದರ ಒಳಗೆ ಕೊಂಬು ಗಿರಗಿರನೆ ತಿರುಗುತ್ತಿರುತ್ತದೆ. ಲೆನನ್‌ನ ದನಿಯನ್ನು ಅದರ ಮೂಲಕ ಹೊರಡಿಸಿ ಮತ್ತೆ ಮೈಕಿನಲ್ಲಿ ಹಿಡಿದರು. ಕೊಂಬು ನಿಮ್ಮ ಕಡೆ ಬರುವಾಗ ದನಿ ಕೊಂಚ ಏರುತ್ತದೆ, ದೂರ ಸರಿಯುವಾಗ ಕೊಂಚ ಇಳಿಯುತ್ತದೆ. ರೈಲಿನ ಸಿಳ್ಳೆಯ ಉದಾಹರಣೆ ಕೊಟ್ಟು ನಾನು ಕಲಿಸಿದ ಡಾಪ್ಲರ್ ಪರಿಣಾಮ ಇದೇ. ದಲಾಯಿ ಲಾಮಾ ಆ ಪೆಟ್ಟಿಗೆಯೊಳಗಿನಿಂದ ಬಂದರು.

ಡ್ರಮ್ಮಿನ ಕಥೆಯೂ ಸ್ವಾರಸ್ಯಕರ. ಮೈಕುಗಳನ್ನು ಡ್ರಮ್ಮಿಗೆ ತೀರ ಸಮೀಪ ಇಡಬಾರದೆಂದು ಸ್ಟುಡಿಯೋದ ನಿಯಮವಿತ್ತು. ಬಡಿತದ ಒತ್ತಡಕ್ಕೆ ಬೆಲೆಬಾಳುವ ಮೈಕು ಕೆಟ್ಟೀತೆಂಬ ಭಯ. ಎಮೆರಿಕ್ ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರೊಂದನ್ನು ತುರುಕಿ, ಮೈಕನ್ನು ಕೆಲವೇ ಅಂಗುಲಗಳ ಹತ್ತಿರಕ್ಕೆ ಸರಿಸಿದ. ಎದೆಗೆ ಗುದ್ದಿದಂತಹ ನಾದ ಬಂತು. ನಿಯಮವನ್ನು ಮುರಿಯಬೇಕಾದರೆ ಅದು ಏಕೆ ಇದೆ ಎಂಬುದು ಮೊದಲು ಗೊತ್ತಿರಬೇಕು. ಆ ಹುಡುಗನಿಗೆ ಗೊತ್ತಿತ್ತು.

ಇನ್ನು ಕಡಲಹಕ್ಕಿಗಳು. ಪಾಲ್ ಮೆಕಾರ್ಟ್ನಿ ಮನೆಯಲ್ಲಿ ಟೇಪಿನ ತುಂಡುಗಳನ್ನು ತುದಿಗೆ ತುದಿ ಅಂಟಿಸಿ ಬಳೆಗಳಂತೆ ಮಾಡಿಕೊಂಡು ಬಂದಿದ್ದ. ಬಳೆಗೆ ಕೊನೆಯಿಲ್ಲ, ಅದರಲ್ಲಿರುವ ಸದ್ದು ಸುತ್ತಿ ಸುತ್ತಿ ಬರುತ್ತದೆ. ನಮಗೆ ಹಕ್ಕಿಯ ಕೂಗಿನಂತೆ ಕೇಳುವುದು ಅವನ ನಗುವೇ ಅಂತೆ, ವೇಗ ಹೆಚ್ಚಿಸಿದ್ದು. ಏಪ್ರಿಲ್ 7ರಂದು ಇಂತಹ ಐದು ಬಳೆಗಳನ್ನು ಸ್ಟುಡಿಯೋದ ಬೇರೆ ಬೇರೆ ಯಂತ್ರಗಳಿಗೆ ಹಾಕಿದರು. ಟೇಪು ಜೋಲದಂತೆ ಸಿಬ್ಬಂದಿಯವರು ಪೆನ್ಸಿಲುಗಳಿಗೆ ಸಿಕ್ಕಿಸಿ ಎಳೆದು ಹಿಡಿದು ನಿಂತರು. ಎಲ್ಲ ಯಂತ್ರಗಳ ಸದ್ದೂ ನಿಯಂತ್ರಣ ಕೊಠಡಿಗೆ ಬರುತ್ತಿತ್ತು. ಅಲ್ಲಿ ಕುಳಿತವರು ಯಾವುದನ್ನು ಯಾವಾಗ ಏರಿಸಬೇಕು, ಇಳಿಸಬೇಕು ಎಂಬುದನ್ನು ಆ ಕ್ಷಣದಲ್ಲಿಯೇ ನಿರ್ಧರಿಸುತ್ತ ಹಾಡಿನೊಳಕ್ಕೆ ಬೆರೆಸಿದರು. ಯಾವ ಬಳೆ ಯಾವ ಗಳಿಗೆಯಲ್ಲಿ ಎಲ್ಲಿಗೆ ಸುತ್ತಿ ಬಂದಿರುತ್ತದೆ ಎಂಬುದು ಯಾರ ಹಿಡಿತದಲ್ಲಿಯೂ ಇರಲಿಲ್ಲ. ಆದ್ದರಿಂದ ಅದೇ ಜನ, ಅದೇ ಯಂತ್ರಗಳಿಂದ ಮರುದಿನ ಪ್ರಯತ್ನಿಸಿದರೂ ಆ ಬೆರಕೆ ಮರಳಿ ಬರುವಂತಿರಲಿಲ್ಲ.

ಇದನ್ನು ಓದಿ ತಿಳಿದ ಮೇಲೆ ‘ಮೋಸ’ ಎಂಬ ನನ್ನ ತೀರ್ಪು ಬಿದ್ದುಹೋಯಿತು. ಕೈಬೆರಳುಗಳಿಂದ, ಕಿವಿಯ ನಿರ್ದೇಶನದಂತೆ, ಒಂದೇ ಗಳಿಗೆಯಲ್ಲಿ ನಡೆದ ಕ್ರಿಯೆ ವೀಣೆ ನುಡಿಸುವುದಕ್ಕಿಂತ ಹೇಗೆ ಭಿನ್ನ? ಯಂತ್ರವೂ ವಾದ್ಯವಾಗಬಲ್ಲದು. ನುಡಿಸುವವನಿಗೆ ಶ್ರದ್ಧೆ ಇರಬೇಕು, ಅಷ್ಟೆ.

ಈ ಪ್ರಯೋಗಗಳು ಬೀಟಲ್ಸ್ ಅವರಿಂದಲೇ ಹುಟ್ಟಿದವು ಎಂದು ಹೇಳಿದರೆ ಅನ್ಯಾಯವಾದೀತು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ದಶಕದಲ್ಲಿಯೇ ತನ್ನ ವಾದನದ ಮೇಲೆ ತನ್ನದೇ ವಾದನವನ್ನು ಪದರ ಪದರವಾಗಿ ಕೂಡಿಸುತ್ತಿದ್ದ. 1966ರಲ್ಲಿ ಕ್ಯಾಲಿಫೋರ್ನಿಯಾದ ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ ‘ಗುಡ್ ವೈಬ್ರೇಷನ್ಸ್’ ಎಂಬ ಒಂದೇ ಹಾಡನ್ನು ಹಲವು ಸ್ಟುಡಿಯೋಗಳಲ್ಲಿ ತಿಂಗಳುಗಟ್ಟಲೆ ತುಂಡುತುಂಡಾಗಿ ಮುದ್ರಿಸಿ ಜೋಡಿಸಿದ. ಒಂದು ಕಿವಿ ಕೇಳದ ಮನುಷ್ಯನಾತ. ಎಡಕಿವಿಗೊಂದು ಬಲಕಿವಿಗೊಂದು ಎಂಬ ಸ್ಟೀರಿಯೋದ ಹಂಗಿಲ್ಲದೆ, ಎಲ್ಲವನ್ನೂ ಒಂದೇ ಧಾರೆಯಲ್ಲಿ ಬೆರೆಸುತ್ತಿದ್ದ. ಆತ 2025ರ ಜೂನ್‌ನಲ್ಲಿ ತೀರಿಕೊಂಡ. ಅವನ ಹೆಸರನ್ನು ಮುಂದೆ ಮತ್ತೆ ಎತ್ತುವ ಪ್ರಸಂಗವಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಂದು ಆ ಸ್ಟುಡಿಯೋದಲ್ಲಿದ್ದ ಟೇಪು ಯಂತ್ರಗಳಲ್ಲಿ ನಾಲ್ಕೇ ಪಥಗಳು. ಒಂದು ಟೇಪಿನ ಅಗಲವನ್ನು ನಾಲ್ಕು ಓಣಿಗಳಾಗಿ ಹಂಚಿ, ಒಂದೊಂದರಲ್ಲಿ ಒಂದೊಂದು ಸದ್ದನ್ನು ಇಡಬಹುದು. ನಾಲ್ಕೂ ತುಂಬಿದ ಮೇಲೆ ಐದನೆಯದು ಬೇಕಾದರೆ? ಆ ನಾಲ್ಕನ್ನೂ ಬೆರೆಸಿ ಇನ್ನೊಂದು ಯಂತ್ರದ ಒಂದೋ ಎರಡೋ ಓಣಿಗಳಿಗೆ ಇಳಿಸಬೇಕು. ಆಗ ಉಳಿದ ಓಣಿಗಳು ಖಾಲಿಯಾಗುತ್ತವೆ. ಆದರೆ ಹಾಗೆ ಬೆರೆಸಿದ ಕ್ಷಣಕ್ಕೆ ಡ್ರಮ್ಮು ಇಷ್ಟು, ಗಿಟಾರು ಇಷ್ಟು ಎಂಬ ಪ್ರಮಾಣ ಶಾಶ್ವತವಾಗಿ ನಿಶ್ಚಯವಾಗಿಬಿಡುತ್ತದೆ. ಆಮೇಲೆ ಗಿಟಾರು ಹೆಚ್ಚಾಯಿತು ಎಂದರೆ ಉಪಾಯವಿಲ್ಲ. ಸಾರಿಗೆ ಉಪ್ಪು ಹಾಕಿದಂತೆ.

1991ರ ವಾರ್ಷಿಕೋತ್ಸವದ ನಾಟಕದಲ್ಲಿ ಪಾತ್ರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿನ್ನೆಲೆ ಸಂಗೀತಕ್ಕೆಂದು ನಾವು ಎರಡು ಟೇಪ್ ರೆಕಾರ್ಡರುಗಳನ್ನು ಎದುರುಬದುರಾಗಿ ಇಟ್ಟಿದ್ದೆವು. ಒಂದರಲ್ಲಿ ಹಾರ್ಮೋನಿಯಂ ನುಡಿಯುತ್ತಿದ್ದರೆ, ಪಕ್ಕದಲ್ಲಿ ಒಬ್ಬ ಜರಡಿಯಲ್ಲಿ ಅವರೆಕಾಳು ಆಡಿಸಿ ಮಳೆ ಸುರಿಸುತ್ತಿದ್ದ. ಇನ್ನೊಂದು ಎರಡನ್ನೂ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಅದನ್ನು ಹಾಕಿ, ತಗಡಿನ ಗುಡುಗು ಸೇರಿಸಿದೆವು. ಆಮೇಲೆ ಕೊಳಲು. ಮೂರನೆಯ ಸುತ್ತಿಗೆ ಹಿಸ್ಸೆಂಬ ಸದ್ದು ಮಳೆಗಿಂತ ಜೋರಾಗಿತ್ತು. ಹಾರ್ಮೋನಿಯಂ ಎಲ್ಲೋ ಬಾವಿಯ ತಳ ಸೇರಿತ್ತು. ಮೊದಲ ಸುತ್ತಿನಲ್ಲಿಯೇ ಕೊನೆಯ ಸುತ್ತನ್ನು ಊಹಿಸಿಕೊಂಡಿರಬೇಕಿತ್ತು ಎಂಬುದು ನಮಗೆ ತಿಳಿದದ್ದು ನಾಟಕದ ಹಿಂದಿನ ರಾತ್ರಿ. ಲಂಡನ್ನಿನ ಆ ಜನ ಈ ಊಹೆಯನ್ನು ಪ್ರತಿದಿನ ಮಾಡುತ್ತಿದ್ದರು. ಇನ್ನೂ ಹಾಡದ ದನಿಗೆ, ಇನ್ನೂ ನುಡಿಸದ ತುತ್ತೂರಿಗೆ ಜಾಗ ಬಿಟ್ಟು ಇಂದಿನ ಸದ್ದನ್ನು ಅಳೆಯುತ್ತಿದ್ದರು.

ಇದರ ಅತ್ಯುತ್ತಮ ನಿದರ್ಶನ 1967ರ ‘ಎ ಡೇ ಇನ್ ದ ಲೈಫ್’. ಹಾಡಿನ ನಡುವೆ ಇಪ್ಪತ್ತನಾಲ್ಕು ಆವರ್ತಗಳಷ್ಟು ಜಾಗವನ್ನು ಖಾಲಿ ಬಿಟ್ಟರು. ಅಲ್ಲಿ ಏನು ತುಂಬಬೇಕೆಂಬುದು ಆಗ ಅವರಿಗೇ ಗೊತ್ತಿರಲಿಲ್ಲ. ಖಾಲಿ ಜಾಗದ ಲೆಕ್ಕ ತಪ್ಪದಿರಲೆಂದು ಅವರ ಸಹಾಯಕ ಗಟ್ಟಿಯಾಗಿ ಎಣಿಸಿದ, ಕೊನೆಗೆ ಅಲಾರಂ ಗಡಿಯಾರ ಬಾರಿಸಿದ. ಫೆಬ್ರವರಿ 10ರಂದು ನಲವತ್ತು ವಾದ್ಯಗಾರರನ್ನು ಕರೆಸಿ, ತಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಮೇಲಕ್ಕೆ ತಂತಮ್ಮ ಗತಿಯಲ್ಲಿ ಏರುತ್ತ ಹೋಗಲು ಹೇಳಿದರು. ನಾಲ್ಕು ಓಣಿಗಳು ಸಾಲದಾದಾಗ ಕೆನ್ ಟೌನ್ಸೆಂಡ್ ಎಂಬ ತಂತ್ರಜ್ಞರು 50 ಹರ್ಟ್ಸ್ ಸಂಕೇತವೊಂದರ ನೆರವಿನಿಂದ ಎರಡು ಯಂತ್ರಗಳನ್ನು ಜೊತೆಯಾಗಿ ಓಡಿಸಿದರು. ನಮ್ಮ ಮನೆಯ ವಿದ್ಯುತ್ತಿನ ಆವರ್ತಾಂಕವೂ ಅದೇ, ಗಮನಿಸಿ. ಕೊನೆಯಲ್ಲಿ ಹಲವರು ಪಿಯಾನೋಗಳ ಮೇಲೆ ಒಟ್ಟಿಗೆ ಬಾರಿಸಿದ ಒಂದೇ ಸ್ವರಮೇಳವಿದೆ. ನಾದ ಕ್ಷೀಣಿಸುತ್ತ ಹೋದಂತೆ ತಂತ್ರಜ್ಞರು ಮಟ್ಟವನ್ನು ಏರಿಸುತ್ತ ಹೋದರು. ನಲವತ್ತು ಸೆಕೆಂಡುಗಳಾದ ಮೇಲೂ ಅದು ಕೇಳುತ್ತಿರುತ್ತದೆ. ಕಿವಿಗೊಟ್ಟರೆ ಯಾರೋ ಕುಳಿತ ಕುರ್ಚಿಯ ಕಿರುಗುಟ್ಟುವಿಕೆಯೂ ಕೇಳಿಸುತ್ತದೆ. ಆ ಅಲಾರಂ ಕೂಡ ಹಾಡಿನಲ್ಲಿ ಹಾಗೆಯೇ ಉಳಿಯಿತು. ಮುಂದಿನ ಸಾಲು ನಿದ್ದೆಯಿಂದ ಏಳುವುದನ್ನು ಕುರಿತದ್ದಾದ್ದರಿಂದ, ಅಳಿಸಬೇಕಿದ್ದ ಗುರುತು ಅರ್ಥವಾಗಿ ಕೂತುಬಿಟ್ಟಿತು.

ಇನ್ನೊಂದು ನಿದರ್ಶನ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’. 1966ರ ಕೊನೆಯಲ್ಲಿ ಈ ಹಾಡನ್ನು ಎರಡು ರೀತಿ ಮುದ್ರಿಸಿದರು. ಒಂದರ ಶ್ರುತಿ ಬೇರೆ, ಲಯ ಬೇರೆ. ಲೆನನ್‌ಗೆ ಮೊದಲನೆಯದರ ಆರಂಭವೂ ಬೇಕು, ಎರಡನೆಯದರ ಉತ್ತರಾರ್ಧವೂ ಬೇಕು. ಜೋಡಿಸಿಕೊಡಿ ಎಂದ. ಟೇಪಿನ ವೇಗ ತಗ್ಗಿಸಿದರೆ ಲಯ ನಿಧಾನವಾಗುತ್ತದೆ, ಅದರ ಜೊತೆಗೆ ಶ್ರುತಿಯೂ ಇಳಿಯುತ್ತದೆ. ಒಂದನ್ನು ಬಿಟ್ಟು ಒಂದನ್ನು ಬದಲಿಸಲು ಅಂದು ದಾರಿಯಿರಲಿಲ್ಲ. ಅದೃಷ್ಟಕ್ಕೆ ಎರಡನೆಯದು ಹೆಚ್ಚು ವೇಗದ್ದೂ ಹೆಚ್ಚು ಶ್ರುತಿಯದ್ದೂ ಆಗಿತ್ತು. ಅದನ್ನು ನಿಧಾನಗೊಳಿಸಿದಾಗ ಎರಡೂ ಒಂದೇ ಕಡೆ ಬಂದು ನಿಂತವು. ಡಿಸೆಂಬರ್ 22ರಂದು ಕತ್ತರಿಸಿ ಅಂಟಿಸಿದರು. ಹಾಡು ಆರಂಭವಾಗಿ ಸುಮಾರು ಒಂದು ನಿಮಿಷಕ್ಕೆ ಆ ಬೆಸುಗೆ ಇದೆ. ನಿಧಾನಗೊಳಿಸಿದ್ದರಿಂದ ಲೆನನ್‌ನ ದನಿಗೆ ಕನಸಿನಲ್ಲಿ ಮಾತನಾಡಿದಂತಹ ಮಂಪರು ಬಂತು. ಆ ಮಂಪರನ್ನು ಯಾರೂ ಮೊದಲೇ ಯೋಜಿಸಿರಲಿಲ್ಲ. ಬೆಸೆಯಲೇಬೇಕಾದ ಅನಿವಾರ್ಯದಿಂದ ಅದು ಹುಟ್ಟಿತು. ಅದಿಲ್ಲದೆ ಇಂದು ಆ ಹಾಡನ್ನು ಊಹಿಸಲಾಗದು.

ಮಿಶ್ರಣಕ್ಕೂ ಸಂಯುಕ್ತಕ್ಕೂ ವ್ಯತ್ಯಾಸವೇನೆಂದು ನಾನು ಎಷ್ಟು ಸಲ ಕೇಳಿಲ್ಲ ನಿಮ್ಮನ್ನು! ಮಿಶ್ರಣದಲ್ಲಿ ಘಟಕಗಳು ತಮ್ಮ ತಮ್ಮ ಗುಣವನ್ನು ಉಳಿಸಿಕೊಳ್ಳುತ್ತವೆ. ಸಂಯುಕ್ತದಲ್ಲಿ ಅವು ಬಿಟ್ಟುಕೊಟ್ಟು, ಯಾವ ಘಟಕದಲ್ಲಿಯೂ ಇರದ ಹೊಸ ಗುಣವೊಂದು ಹುಟ್ಟುತ್ತದೆ. ಜಲಜನಕ ಉರಿಯುತ್ತದೆ, ಆಮ್ಲಜನಕ ಉರಿಸುತ್ತದೆ, ನೀರು ಬೆಂಕಿಯನ್ನು ಆರಿಸುತ್ತದೆ. ಈ ಹಾಡುಗಳು ಸಂಯುಕ್ತಗಳು ಎಂಬುದು ನನ್ನ ಅಭಿಪ್ರಾಯ.

ಈಗ 2020ರ ದಶಕದಲ್ಲಿ ನಡೆದದ್ದನ್ನು ನೋಡಿ. ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡ, ಒಂದೇ ಓಣಿಯಲ್ಲಿ ಬೆರೆತು ಗಟ್ಟಿಯಾಗಿದ್ದ ಸದ್ದುಗಳನ್ನು ಬಿಡಿಸಲು ಗಣಕಯಂತ್ರಕ್ಕೆ ಕಲಿಸಿತು. ಇದು ಡ್ರಮ್ಮಿನ ಸದ್ದು, ಇದು ಗಿಟಾರಿನದು ಎಂದು ಅದಕ್ಕೆ ಪರಿಚಯ ಮಾಡಿಸಿ, ಬೆರಕೆಯಿಂದ ಒಂದೊಂದನ್ನೇ ಹೊರತೆಗೆಯುವ ವಿದ್ಯೆ. 2021ರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕೆ ಅದನ್ನು ಬಳಸಿದರು. 2022ರಲ್ಲಿ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಅದೇ ವಿದ್ಯೆಯಿಂದ ‘ರಿವಾಲ್ವರ್’ ಅನ್ನು ಬಿಡಿಸಿ ಹೊಸದಾಗಿ ಬೆರೆಸಿದರು. 2023ರ ನವೆಂಬರ್‌ನಲ್ಲಿ ‘ನೌ ಆ್ಯಂಡ್ ದೆನ್’ ಎಂಬ ‘ಹೊಸ’ ಹಾಡೇ ಹೊರಬಂತು. 1980ರಲ್ಲಿ ಕೊಲೆಯಾದ ಲೆನನ್ ಮನೆಯಲ್ಲಿ ಪಿಯಾನೋ ಮುಂದೆ ಕುಳಿತು ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಕರಡು ಅದು. 1995ರಲ್ಲಿ ಉಳಿದ ಮೂವರು ಅದನ್ನು ಪೂರ್ಣಗೊಳಿಸಲು ಯತ್ನಿಸಿ ಕೈಬಿಟ್ಟಿದ್ದರು. ಪಿಯಾನೋದಡಿ ದನಿ ಮುಚ್ಚಿಹೋಗುತ್ತಿತ್ತು, ಟೇಪಿನಲ್ಲಿ ಗುಂಯ್ಗುಡುವ ಸದ್ದೂ ಇತ್ತು. ಯಂತ್ರ ಆ ದನಿಯನ್ನು ಎತ್ತಿಕೊಟ್ಟಿತು. 2001ರಲ್ಲಿ ತೀರಿಕೊಂಡ ಜಾರ್ಜ್ ಹ್ಯಾರಿಸನ್ 1995ರಲ್ಲಿ ನುಡಿಸಿದ್ದ ಗಿಟಾರೂ ಅದರಲ್ಲಿ ಸೇರಿತು. 2025ರಲ್ಲಿ ಆ ಹಾಡಿಗೆ ಗ್ರಾಮಿ ಪ್ರಶಸ್ತಿಯೂ ಬಂತು.

ಇದೆಲ್ಲ ಒಳ್ಳೆಯದೋ ಕೆಟ್ಟದ್ದೋ? ಎರಡು ಪ್ರಸಂಗಗಳನ್ನು ಬೇರೆ ಬೇರೆಯಾಗಿ ನೋಡಬೇಕೆಂದು ನನಗೆ ತೋರುತ್ತದೆ. ‘ನೌ ಆ್ಯಂಡ್ ದೆನ್’ ಮುಗಿದ ಕೃತಿಯಾಗಿರಲಿಲ್ಲ. ಪಿಯಾನೋ ಇಷ್ಟು ದನಿ ಇಷ್ಟು ಎಂದು ಅಲ್ಲಿ ಯಾರೂ ತೀರ್ಮಾನಿಸಿರಲಿಲ್ಲ. ಅಗ್ಗದ ಮೈಕು ಹಿಡಿದದ್ದನ್ನು ಹಿಡಿದಿತ್ತು. ಅದನ್ನು ಬಿಡಿಸಿದರೆ ಯಾರ ನಿರ್ಧಾರವನ್ನೂ ಮೀರಿದಂತಾಗುವುದಿಲ್ಲ. ಮಣ್ಣಿನಲ್ಲಿ ಹೂತ ಶಾಸನವನ್ನು ತೊಳೆದಂತೆ. ‘ರಿವಾಲ್ವರ್’ ಹಾಗಲ್ಲ. ಅಲ್ಲಿಯ ಒಂದೊಂದು ಬೆರಕೆಯೂ ಬೆವರು ಸುರಿಸಿ, ಮರಳಿ ಬಾರದೆಂದು ತಿಳಿದು, ಕೈಗೊಂಡ ತೀರ್ಮಾನ. ಅದನ್ನು ಬಿಡಿಸಿ ಮತ್ತೆ ಬೆರೆಸಿದಾಗ ಸಿಗುವುದು ಹೊಸ ಕೃತಿ. ಹಳೆಯದರ ಹೆಸರಿನ ಹೊಸ ಕೃತಿ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ಆ ಕಲಾವಿದರೇ ನಾಲ್ಕು ಓಣಿಗಳ ಭಕ್ತರಾಗಿರಲಿಲ್ಲ ಎಂಬುದು. ನಿಜ. 1968ರಲ್ಲಿ ಟ್ರೈಡೆಂಟ್ ಎಂಬ ಬೇರೆ ಸ್ಟುಡಿಯೋದಲ್ಲಿ ಎಂಟು ಓಣಿಗಳ ಯಂತ್ರವಿದೆಯೆಂದು ತಿಳಿದು ‘ಹೇ ಜೂಡ್’ ಮುದ್ರಿಸಲು ಅಲ್ಲಿಗೇ ಹೋದರು. ಬಡತನ ಕಳೆದ ಮೇಲೆ ಯಾರೂ ಬಡತನವನ್ನು ಬಯಸುವುದಿಲ್ಲ. ಆದರೆ ಬಡತನದಲ್ಲಿ ಕಟ್ಟಿದ ಮನೆಯನ್ನು, ಈಗ ಸಿಮೆಂಟು ಸಿಗುತ್ತದೆಂದು ಕೆಡವಬೇಕಾಗಿಲ್ಲ. ಎರಡನೆಯದು, ಆಗಿನ ಸ್ಟೀರಿಯೋ ಪ್ರತಿಗಳನ್ನು ಅವಸರದಲ್ಲಿ ಮಾಡಿದ್ದರು, ಅವರ ಗಮನವೆಲ್ಲ ಒಂದೇ ಧಾರೆಯ ಮೊನೊ ಪ್ರತಿಯ ಮೇಲಿತ್ತು ಎಂಬುದು. ಇದೂ ನಿಜ. ಆದ್ದರಿಂದ ಹೊಸ ಸ್ಟೀರಿಯೋ ಪ್ರತಿ ಮಾಡಿದ್ದಕ್ಕೆ ನನ್ನ ಸಿಟ್ಟಿಲ್ಲ. 2022ರ ಆ ಪ್ರಕಟಣೆಯ ದೊಡ್ಡ ಪೆಟ್ಟಿಗೆಯಲ್ಲಿ ಮೂಲ ಮೊನೊ ಪ್ರತಿಯನ್ನೂ ಇರಿಸಿದ್ದರು. ಸರಿಯಾದ ನಡತೆ ಅದು. ನಮ್ಮ ಗ್ರಂಥ ಸಂಪಾದಕರು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ತಮ್ಮ ಪರಿಷ್ಕೃತ ಪಾಠ ಅಚ್ಚಾಯಿತೆಂದು ಓಲೆಗರಿಗಳನ್ನು ಒಲೆಗೆ ಹಾಕುವುದಿಲ್ಲ.

ನನ್ನ ಭಯ ಬೇರೆಯದು. ಶುದ್ಧ ಮಾಡುವ ಉತ್ಸಾಹದಲ್ಲಿ ಯಾವುದು ಕೊಳೆ, ಯಾವುದು ಮೈಬಣ್ಣ ಎಂಬ ವಿವೇಕ ತಪ್ಪಬಹುದು. ಬ್ರಯಾನ್ ವಿಲ್ಸನ್ನನ 1966ರ ‘ಪೆಟ್ ಸೌಂಡ್ಸ್’ನಲ್ಲಿ ‘ಹಿಯರ್ ಟುಡೇ’ ಎಂಬ ಹಾಡಿದೆ. ಅದರ ವಾದ್ಯಭಾಗದ ಹಿನ್ನೆಲೆಯಲ್ಲಿ ಸ್ಟುಡಿಯೋದಲ್ಲಿದ್ದವರ ಮಾತುಕತೆ ಮೆಲ್ಲಗೆ ಕೇಳುತ್ತದೆ. 1997ರಲ್ಲಿ ಪ್ರಕಟವಾದ ಸ್ಟೀರಿಯೋ ಪ್ರತಿಯಲ್ಲಿ ಆ ಮಾತುಗಳಿಲ್ಲ. ಅದು ತಪ್ಪು ಎಂದೇ ಅನ್ನಿ, ಅಜಾಗರೂಕತೆ ಎಂದೇ ಅನ್ನಿ. ಆದರೆ ಮಾತು ಕೇಳಿಸಿದಾಗ, ಇದನ್ನು ಮನುಷ್ಯರು ಒಂದು ಕೋಣೆಯಲ್ಲಿ ಸೇರಿ ಒಂದು ದಿನ ಮಾಡಿದರು ಎಂಬ ಸಾಕ್ಷಿ ನಮಗೆ ಸಿಗುತ್ತದೆ. ಯಂತ್ರಕ್ಕೆ ಸಾಕ್ಷಿಯ ಬೆಲೆ ತಿಳಿಯದು. ದನಿ ಯಾವುದು, ದನಿಯಲ್ಲದ್ದು ಯಾವುದು ಎಂದಷ್ಟೇ ಅದು ಬಲ್ಲದು. ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂಬುದನ್ನು ಹೇಳಬೇಕಾದವರು ನಾವು.

ಆದ್ದರಿಂದ ಮನೆಯವರಿಗೆ ನನ್ನ ತೀರ್ಮಾನ ಇಷ್ಟು. ಅಪ್ಪನ ಶುದ್ಧ ಪ್ರತಿಯನ್ನು ಎಲ್ಲರೂ ಇಟ್ಟುಕೊಳ್ಳಿ. ಪದ ಪದವೂ ತಿಳಿಯುತ್ತದೆ. ಗಮಕ ಕಲಿಯಬೇಕೆನ್ನುವ ಮೊಮ್ಮಕ್ಕಳಿಗೆ ಅದು ಬಹಳ ಉಪಯುಕ್ತ. ಅದನ್ನು ಮಾಡಿಕೊಟ್ಟ ಹುಡುಗನಿಗೆ ನನ್ನ ಆಶೀರ್ವಾದಗಳು. ಆದರೆ ಅದು ವ್ಯಾಖ್ಯಾನ ಮಾತ್ರ. ಮೂಲ ಕ್ಯಾಸೆಟ್ಟು ನನ್ನ ಬೀರುವಿನಲ್ಲಿಯೇ ಇರುತ್ತದೆ. ಬೂಸಲು ಹಿಡಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದರ ಇದ್ದಕ್ಕಿದ್ದಂತಹ ನಕಲನ್ನೂ, ಮಳೆ ಗಡಿಯಾರಗಳ ಸಮೇತ, ಎಲ್ಲರಿಗೂ ಕಳುಹಿಸುತ್ತೇನೆ. ನನ್ನ ನಂತರ ಅದು ತಂಗಿಗೆ ಸೇರತಕ್ಕದ್ದು, ಕೇಳಬೇಕಾದ ಪ್ರಶ್ನೆಯನ್ನು ಕೇಳಿದವಳು ಅವಳಾದ್ದರಿಂದ.

ಮೊನ್ನೆ ರಾತ್ರಿ ಮಳೆ ಬರುವಾಗ ಹಳೆಯ ಕ್ಯಾಸೆಟ್ಟನ್ನು ಮತ್ತೆ ಹಾಕಿ ಕೇಳಿದೆ. ಅಪ್ಪ ಒಂದು ಷಟ್ಪದಿ ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಕಡೆಗೋಲೂ ನಿಲ್ಲುತ್ತದೆ. ಅವರು ಮುಂದಿನದನ್ನು ಎತ್ತಿಕೊಂಡ ಮೇಲೆ ಅದು ಮತ್ತೆ ಸುತ್ತತೊಡಗುತ್ತದೆ. ಅಮ್ಮ ಒಳಗಿನಿಂದ ಕೇಳುತ್ತಿದ್ದಳು ಎಂಬುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಎಲ್ಲರಿಗೂ ಶುಭವಾಗಲಿ. ನಿಮ್ಮ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಬಿಸಾಡುವ ಮುನ್ನ ಒಮ್ಮೆ ಪೂರ್ತಿ ಕೇಳಿ. ಪ್ರಶ್ನೆ ಕೇಳಿದ್ದ ಆ ಹಿಂದಿನ ಬೆಂಚಿನ ಹುಡುಗ ಎಲ್ಲಿದ್ದರೂ ಒಂದು ಸಾಲು ಬರೆದು ತಿಳಿಸಲಿ.